ಹೊಟ್ಟೆ ತುಂಬಿಯೂ ಉಳಿದ ಹಸಿವು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಒಂದು ವಿಚಿತ್ರ ವ್ಯಾಧಿ ಕಾಡತೊಡಗಿತು. ಬಿಸಿಲು ತಾಗುವ ಕೈ, ಪಾದ, ಕತ್ತಿನ ಚರ್ಮ ಮೊದಲು ಕೆಂಪಾಗಿ, ಆಮೇಲೆ ಕಪ್ಪಿಟ್ಟು ಸಿಪ್ಪೆ ಏಳುತ್ತಿತ್ತು. ನಾಲಿಗೆ ಹುಣ್ಣಾಗಿ ಭೇದಿ ಹಿಡಿಯುತ್ತಿತ್ತು. ಬಳಿಕ ನಿದ್ದೆಗೇಡು, ಖಿನ್ನತೆ, ಮರೆವು. ಕೊನೆಗೆ ಬುದ್ಧಿಭ್ರಮಣೆ ಮತ್ತು ಸಾವು. ಬುದ್ಧಿ ಕೆಟ್ಟವರನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಿದ್ದರು. ಅಲ್ಲಿ ಸಿಗುತ್ತಿದ್ದ ಊಟವೂ ರೋಗವನ್ನು ಬೆಳೆಸುವಂಥದ್ದೇ ಎಂಬುದು ಆಗ ಬಹುತೇಕ ವೈದ್ಯರಿಗೆ ಹೊಳೆದಿರಲಿಲ್ಲ.

ರೋಗದ ಹೆಸರು ಪೆಲಾಗ್ರ. ಯುರೋಪಿಗೆ ಇದು ಹಳೆಯ ಪರಿಚಯ. 1735ರಲ್ಲಿ ಸ್ಪೇನಿನ ಆಸ್ತೂರಿಯಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್ ಇದನ್ನು ಬಡ ರೈತರಲ್ಲಿ ಗುರುತಿಸಿದರು. ಆ ರೈತರ ಮುಖ್ಯ ಆಹಾರ ಮೆಕ್ಕೆಜೋಳ, ಮಾಂಸ ಅವರಿಗೆ ಅಪರೂಪ ಎಂಬುದೂ ಅವರ ಗಮನಕ್ಕೆ ಬಂದಿತ್ತು. 1771ರಲ್ಲಿ ಮಿಲಾನಿನ ಫ್ರಾನ್ಸೆಸ್ಕೊ ಫ್ರಾಪೊಲ್ಲಿ ‘ಪೆಲಾಗ್ರ’ ಎಂಬ ಹೆಸರನ್ನು ಗ್ರಂಥಸ್ಥಗೊಳಿಸಿದರು. ಇಟಲಿಯ ಆಡುಮಾತಿನಲ್ಲಿ ಅದರ ಅರ್ಥ ಒರಟು ಚರ್ಮ.

ಮೆಕ್ಕೆಜೋಳದ ತವರು ಮಧ್ಯ ಅಮೆರಿಕ. ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷ ಅದನ್ನೇ ಉಂಡರೂ ಈ ರೋಗಕ್ಕೆ ತುತ್ತಾಗಲಿಲ್ಲವೇಕೆ? ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು ರುಬ್ಬುತ್ತಿದ್ದರು. ಜೊತೆಗೆ ಹುರುಳಿಜಾತಿಯ ಕಾಳುಗಳನ್ನೂ ತಿನ್ನುತ್ತಿದ್ದರು. ಯುರೋಪಿನವರು ಬೀಜವನ್ನು ಹಡಗಿನಲ್ಲಿ ಒಯ್ದರು. ಅಡುಗೆಯ ವಿದ್ಯೆಯನ್ನು ಅಲ್ಲಿಯೇ ಬಿಟ್ಟರು. ಧಾನ್ಯ ಸಾಗರ ದಾಟಿತು, ಅದರ ಸಂಸ್ಕಾರ ದಾಟಲಿಲ್ಲ.

ಅಮೆರಿಕದಲ್ಲಿ ಪೆಲಾಗ್ರ ಹಬ್ಬಿದ್ದು ಸೂಕ್ಷ್ಮಜೀವಿ ಸಿದ್ಧಾಂತ ಮೆರೆಯುತ್ತಿದ್ದ ಕಾಲ. ಕ್ಷಯ, ಕಾಲರಾಗಳ ರೋಗಾಣು ಪತ್ತೆಯಾಗಿದ್ದವು. ಇದೂ ಅಂಟುರೋಗವೇ ಇರಬೇಕೆಂದು ಅನೇಕ ವೈದ್ಯರು ನಂಬಿದ್ದರು. 1914ರಲ್ಲಿ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ ಜೋಸೆಫ್ ಗೋಲ್ಡ್‌ಬರ್ಗರ್ ಅವರನ್ನು ತನಿಖೆಗೆ ಕಳುಹಿಸಿತು. ಹಂಗೆರಿಯಿಂದ ಬಾಲ್ಯದಲ್ಲೇ ವಲಸೆ ಬಂದ ಯೆಹೂದಿ ಕುಟುಂಬದ ಈ ವೈದ್ಯರು ಆಸ್ಪತ್ರೆ, ಅನಾಥಾಲಯಗಳನ್ನು ಸುತ್ತಿ ಒಂದು ಸರಳ ಸಂಗತಿಯನ್ನು ಗಮನಿಸಿದರು. ರೋಗಿಗಳನ್ನು ಹಗಲಿರುಳು ಮುಟ್ಟಿ ಉಪಚರಿಸುವ ಸಿಬ್ಬಂದಿಗೆ ಪೆಲಾಗ್ರ ಬರುತ್ತಿರಲಿಲ್ಲ. ಅಂಟುರೋಗವಾದರೆ ಹೀಗೆ ಭೇದ ಮಾಡೀತೆ? ವ್ಯತ್ಯಾಸವಿದ್ದದ್ದು ಊಟದಲ್ಲಿ.

ಮಿಸಿಸಿಪಿಯ ಎರಡು ಅನಾಥಾಲಯಗಳಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದಾಗ ರೋಗ ಮಾಯವಾಯಿತು. 1915ರಲ್ಲಿ ಅದೇ ರಾಜ್ಯದ ಸೆರೆಮನೆಯೊಂದರ ಜಮೀನಿನಲ್ಲಿ, ಬಿಡುಗಡೆಯ ಭರವಸೆ ಪಡೆದ ಕೈದಿಗಳಿಗೆ ಮುಖ್ಯವಾಗಿ ಮೆಕ್ಕೆಜೋಳದ ಊಟವನ್ನೇ ನೀಡಲಾಯಿತು. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ಪೆಲಾಗ್ರ ಬಂತು. ಇಂದಿನ ವೈದ್ಯಕೀಯ ನೀತಿ ಒಪ್ಪದ ಪ್ರಯೋಗವಿದು. ಆದರೂ ಟೀಕಾಕಾರರು ಸುಮ್ಮನಾಗಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್, ಅವರ ಪತ್ನಿ ಮೇರಿ ಮತ್ತು ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ತಮ್ಮ ದೇಹಕ್ಕೆ ಚುಚ್ಚಿಸಿಕೊಂಡರು. ರೋಗಿಗಳ ಚರ್ಮದ ಹೊಪ್ಪಳಿಕೆ, ಮಲಮೂತ್ರಗಳನ್ನು ಹಿಟ್ಟಿನೊಡನೆ ಬೆರೆಸಿ ಕೆಲವರು ನುಂಗಿಯೂ ಬಿಟ್ಟರು. ಒಬ್ಬರಿಗೂ ಪೆಲಾಗ್ರ ಬರಲಿಲ್ಲ.

ಊಟ ಕೆಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಪ್ರಯೋಗಶಾಲೆಯಲ್ಲಿ ಇರಲಿಲ್ಲ. ಅರ್ಥಶಾಸ್ತ್ರಜ್ಞ ಎಡ್ಗರ್ ಸಿಡೆನ್‌ಸ್ಟ್ರಿಕರ್ ಜೊತೆಗೂಡಿ ಗೋಲ್ಡ್‌ಬರ್ಗರ್ ದಕ್ಷಿಣ ಕ್ಯಾರೊಲಿನಾದ ಹತ್ತಿಗಿರಣಿಗಳ ಹಳ್ಳಿಗಳಲ್ಲಿ ಮನೆಮನೆಯ ಆದಾಯ, ಆಹಾರಗಳ ಲೆಕ್ಕ ತೆಗೆದರು. ವರಮಾನ ಇಳಿದಂತೆ ರೋಗ ಏರುತ್ತಿತ್ತು. ಹೊಲವೆಲ್ಲ ಹತ್ತಿಗೆ ಮೀಸಲಾಗಿ, ತರಕಾರಿಗೂ ಹಸುವಿಗೂ ಜಾಗವಿರಲಿಲ್ಲ. ಕೂಲಿಯವರ ಕೈಗೆ ಎಟುಕುತ್ತಿದ್ದುದು ಜೋಳದ ಹಿಟ್ಟು, ಕಾಕಂಬಿ, ಉಪ್ಪು ಹಾಕಿದ ಹಂದಿಕೊಬ್ಬು. ಹೊಟ್ಟೆ ತುಂಬುತ್ತಿತ್ತು, ದೇಹ ಬರಿದಾಗುತ್ತಿತ್ತು. 1921ರಲ್ಲಿ ಹತ್ತಿಯ ಬೆಲೆ ಕುಸಿದಾಗ ಪೆಲಾಗ್ರ ಹೆಚ್ಚಲಿದೆ ಎಂಬ ಎಚ್ಚರಿಕೆ ಹೊರಬಿತ್ತು. ಅಧ್ಯಕ್ಷ ಹಾರ್ಡಿಂಗ್ ನೆರವಿನ ಮಾತೆತ್ತಿದರು. ದಕ್ಷಿಣದ ಮುಖಂಡರು ಕೃತಜ್ಞತೆಯ ಬದಲು ಕೋಪ ತೋರಿದರು. ತಮ್ಮ ನಾಡಿನಲ್ಲಿ ಹಸಿವಿದೆ ಎಂದು ಒಪ್ಪಿಕೊಳ್ಳಲು ಅವರ ಅಭಿಮಾನ ಬಿಡಲಿಲ್ಲ.

ಕೊರತೆಯಾದ ವಸ್ತು ಯಾವುದೆಂದು ತಿಳಿಯುವ ಮುನ್ನವೇ, 1929ರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡರು. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹ್ಯಾಮ್, ನಾಯಿಗಳಲ್ಲಿ ಕಾಣುವ ಇಂಥದೇ ರೋಗವನ್ನು ನಿಕೋಟಿನಿಕ್ ಆಮ್ಲ ವಾಸಿಮಾಡುತ್ತದೆಂದು ತೋರಿಸಿದರು. ಇದೇ ನಯಾಸಿನ್ ಎಂಬ ‘ಬಿ’ ಜೀವಸತ್ವ. ಆಹಾರದಿಂದ ಶಕ್ತಿ ಪಡೆಯಲು ಪ್ರತಿ ಜೀವಕೋಶಕ್ಕೂ ಇದು ಬೇಕು. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದಲೂ ದೇಹ ಇದನ್ನು ತಯಾರಿಸಿಕೊಳ್ಳಬಲ್ಲದು. ಸುಮಾರು 60 ಮಿಲಿಗ್ರಾಂನಿಂದ 1 ಮಿಲಿಗ್ರಾಂ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಇರುವ ನಯಾಸಿನ್ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಆ ಕಟ್ಟನ್ನು ಸಡಿಲಿಸುವುದೇ ಸುಣ್ಣದ ಕೆಲಸ. ಹೊಸ ಔಷಧ ಸೇವಿಸಿದ ಪೆಲಾಗ್ರ ರೋಗಿಗಳಲ್ಲಿ ಭ್ರಮೆ, ಗೊಂದಲಗಳು ಕೆಲವೇ ದಿನಗಳಲ್ಲಿ ಕರಗಿದವು. ಹುಚ್ಚೆಂದು ಹೆಸರಿಟ್ಟದ್ದು ಅನ್ನದ ಕೊರತೆಯಾಗಿತ್ತು.

ಈ ಕಥೆಯ ಮುಂದಿನ ಅಧ್ಯಾಯ ನಡೆದದ್ದು ದಖ್ಖನ್ ಪ್ರಸ್ಥಭೂಮಿಯಲ್ಲಿ. ಇಲ್ಲಿ ಬಡವರ ಆಹಾರ ಮೆಕ್ಕೆಜೋಳವಲ್ಲ, ರೊಟ್ಟಿಯ ಬಿಳಿಜೋಳ. ಆದರೂ ಜೋಳವನ್ನೇ ನೆಚ್ಚಿದ ಕೂಲಿಕಾರರಲ್ಲಿ ಪೆಲಾಗ್ರ ಕಾಣುತ್ತಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಸೂಚಿಸಿದರು. ಈ ವಾದದ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಬಂದದ್ದುಂಟು. ಆದರೆ ಬಗೆಬಗೆಯ ಆಹಾರ ಸಿಕ್ಕರೆ ಪೆಲಾಗ್ರ ತಲೆಯೆತ್ತುವುದಿಲ್ಲ ಎಂಬುದರಲ್ಲಿ ವಿವಾದವಿಲ್ಲ.

ಹಾಗೆಂದು ಜೋಳವನ್ನು ದೂರಬೇಕಿಲ್ಲ. ಉತ್ತರ ಕರ್ನಾಟಕದ ತುಂಬಿದ ಗಂಗಾಳದಲ್ಲಿ ರೊಟ್ಟಿ ಒಂಟಿಯಲ್ಲ: ಕಾಳಿನ ಪಲ್ಯ, ಶೇಂಗಾ ಹಿಂಡಿ, ಸೊಪ್ಪು, ಮೊಸರು ಜೊತೆಗಿರುತ್ತವೆ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ರೊಟ್ಟಿಗೆ ಉಪ್ಪು, ಖಾರ ಮಾತ್ರ ಉಳಿದ ಮನೆಯಲ್ಲಿ ರೋಗಕ್ಕೆ ಬಾಗಿಲು ತೆರೆಯುತ್ತದೆ.

ಮನಸ್ಸು ಗಟ್ಟಿ ಇದ್ದರೆ ಆರೋಗ್ಯ ತಾನೇ ಬರುತ್ತದೆ ಎಂದು ಹೇಳುವುದು ಸುಲಭ. ಮನಸ್ಸು ಗಟ್ಟಿಯಾಗಿರಲು ಮಿದುಳಿಗೆ ಅನ್ನ ಬೇಕು, ಅನ್ನಕ್ಕೆ ತಕ್ಕ ಕೂಲಿ ಬೇಕು ಎಂಬುದನ್ನು ಪೆಲಾಗ್ರದ ಇತಿಹಾಸ ನೆನಪಿಸುತ್ತದೆ. ಮಂಕಾಗಿ ಕುಳಿತವನನ್ನು ಸೋಮಾರಿ ಎಂದು ಜರೆಯುವ ಮೊದಲು, ಅವನು ಏನು ಉಂಡನೆಂದು ವಿಚಾರಿಸುವುದು ಒಳಿತು.