ಡೂಮ್ಸ್‌ಡೇ ಗ್ರಂಥ: ವಿಜೇತನ ದಾಖಲೆ, ಪರಾಜಿತರ ಸಾಕ್ಷ್ಯ

ಇಂಗ್ಲೆಂಡಿನ ಮೇಲಣ ನಾರ್ಮನ್ ವಿಜಯದ ನಿಜವಾದ ಪರಿಣಾಮವನ್ನರಿಯಲು ೧೦೬೬ರ ಹೇಸ್ಟಿಂಗ್ಸ್ ಯುದ್ಧಕ್ಕಿಂತ ೧೦೮೬ರ ಭೂಸಮೀಕ್ಷೆಯಾದ ಡೂಮ್ಸ್‌ಡೇ ಗ್ರಂಥವೇ ಹೆಚ್ಚು ಸಹಾಯಕವಾದುದು. ಇಪ್ಪತ್ತೇ ವರ್ಷಗಳಲ್ಲಿ ದೊಡ್ಡ ಹಿಡುವಳಿಗಳು ಬಹುಮಟ್ಟಿಗೆ ಆಂಗ್ಲರ ಕೈತಪ್ಪಿದುದು ಅದರಿಂದ ವ್ಯಕ್ತವಾಗುತ್ತದೆ. ಆದರೆ ವಿಲಿಯಮನು ತಾನು ಎಡ್ವರ್ಡ್ ದೊರೆಯ ನ್ಯಾಯಸಮ್ಮತ ಉತ್ತರಾಧಿಕಾರಿಯೆಂದು ವಾದಿಸುತ್ತಿದ್ದನಷ್ಟೆ. ಆದುದರಿಂದ ಎಡ್ವರ್ಡನ ಕಾಲದ ಭೂಮಾಲಿಕರ ಹೆಸರುಗಳನ್ನೂ ಅದರಲ್ಲಿ ಬರೆಯಿಸಬೇಕಾಯಿತು. ಹೀಗೆ ಭೂಮಿಯನ್ನು ಕಳೆದುಕೊಂಡವರ ಹೆಸರುಗಳು ಕಿತ್ತುಕೊಂಡವರ ದಾಖಲೆಯಲ್ಲಿಯೇ ಉಳಿದುವು. ೧೩೭೭ರಲ್ಲಿ ದಕ್ಷಿಣ ಇಂಗ್ಲೆಂಡಿನ ಹಲವು ಗ್ರಾಮಗಳ ಒಕ್ಕಲುಗಳು, ತಮ್ಮ ಊರು ಹಿಂದೆ ರಾಜನ ಸ್ವಂತ ಭೂಮಿಯಾಗಿತ್ತೆಂದು ತೋರಿಸಿ ಬಿಟ್ಟಿ ದುಡಿಮೆಯಿಂದ ಪಾರಾಗಲು, ಇದೇ ಗ್ರಂಥದ ನಕಲುಗಳನ್ನು ಪಡೆದರು. ಆಳುವವರು ಅವರ ವಾದವನ್ನು ಮನ್ನಿಸಲಿಲ್ಲ. ಆದರೂ ವಿಜೇತನ ದಾಖಲೆಯು ಮೂರು ಶತಮಾನಗಳ ಅನಂತರ ದುರ್ಬಲರಿಗೆ ಹಕ್ಕಿನ ಆಧಾರವಾಗಿ ತೋರಿದುದು ಗಮನಾರ್ಹವಾಗಿದೆ.