ಮುಕ್ಕಾಮಿನ ಬದುಕು: ಸಂಚಾರಿ ನಾಟಕ ಕಂಪನಿಗಳ ದೈನಂದಿನ ಜೀವನ

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕಂಪನಿಯ ಮಾಲೀಕರನ್ನು, ಪ್ರಸಿದ್ಧ ನಟರನ್ನು ಹಾಗೂ ಜನಪ್ರಿಯ ನಾಟಕಗಳನ್ನು ಕೇಂದ್ರವಾಗಿರಿಸಿಕೊಂಡಿವೆ. ಆದರೆ ಕಂಪನಿಯೆಂಬುದು ರಾತ್ರಿಯ ಕೆಲವು ಗಂಟೆಗಳ ಪ್ರದರ್ಶನ ಮಾತ್ರವಾಗಿರಲಿಲ್ಲ. ಊರಿಂದೂರಿಗೆ ಸಾಗುತ್ತ, ಒಟ್ಟಿಗೆ ಉಂಡು, ಒಟ್ಟಿಗೆ ಸಾಲ ಹೊತ್ತು ಬದುಕಿದ ಒಂದು ಸಂಚಾರಿ ಸಮುದಾಯವೂ ಅದಾಗಿತ್ತು. ಈ ಸಮುದಾಯದ ಬದುಕಿನ ಘಟಕವೇ ಮುಕ್ಕಾಮು, ಅಂದರೆ ಕ್ಯಾಂಪು. ಕಂಪನಿಗಳ ಏಳುಬೀಳುಗಳಿಗೆ ನಿಜವಾದ ಕಾರಣಗಳು ನಾಟಕದ ಪಠ್ಯದಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಮುಕ್ಕಾಮಿನ ವ್ಯವಸ್ಥೆಯಲ್ಲಿ ಅಡಗಿವೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ನಾಟಕ ಮಂಡಳಿಗಳು ಕರ್ನಾಟಕದ ಉತ್ತರ ಭಾಗದಲ್ಲಿ ಸಂಚರಿಸುತ್ತಿದ್ದವು. ಅವುಗಳಿಗೆ ಪ್ರತಿಯಾಗಿ ಕನ್ನಡ ನಾಟಕವನ್ನು ನೆಲೆಗೊಳಿಸುವ ಪ್ರಯತ್ನವನ್ನು ಗದುಗಿನಲ್ಲಿ ಶಾಂತಕವಿಗಳು ಕೈಗೊಂಡರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಪೋಷಣೆಯಲ್ಲಿ ಅರಮನೆಯ ನಾಟಕ ಸಭೆ ರೂಪುಗೊಂಡಿತು. ಇವೆರಡಕ್ಕಿಂತ ಭಿನ್ನವಾದ ದಾರಿ 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ್ದು. ಅದರ ಬೆನ್ನಿಗೆ ಅರಮನೆ ಇರಲಿಲ್ಲ; ಟಿಕೆಟ್ಟು ಕೊಂಡು ಬರುವ ಪ್ರೇಕ್ಷಕನೇ ಅದರ ಪೋಷಕ. ಅದೇ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಧಾರವಾಡ ಸೀಮೆಯಲ್ಲಿಯೂ ರೈಲುಮಾರ್ಗಗಳು ವಿಸ್ತರಿಸಿದ್ದು ಗಮನಾರ್ಹ. ಎತ್ತಿನ ಗಾಡಿಯಲ್ಲಿ ಸಾಗಿಸಲಾಗದಷ್ಟು ಪರದೆ, ಪೆಟ್ಟಿಗೆ, ಉಡುಪುಗಳನ್ನು ರೈಲು ದೂರದ ಊರುಗಳಿಗೆ ಒಯ್ಯಬಲ್ಲದಾಗಿತ್ತು. ಸಂಚಾರದ ವ್ಯಾಪ್ತಿ ಹಿಗ್ಗಿದಂತೆ ಸಾಗಣೆಯ ವೆಚ್ಚವೂ ಹಿಗ್ಗಿತು.

ಹೊಸ ಊರಿಗೆ ಹೊರಡುವ ಮುನ್ನ ಕಂಪನಿಯ ವ್ಯವಸ್ಥಾಪಕನು ಮುಂಚಿತವಾಗಿ ಹೋಗಿ ಜಾಗ ಗೊತ್ತುಮಾಡಿ, ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕಾಗಿತ್ತು. ಕಲಾವಿದರ ವಾಸಕ್ಕೆ ಬಾಡಿಗೆಗೆ ಹಿಡಿದ ಮನೆ 'ಕಂಪನಿ ಮನೆ' ಎನಿಸಿಕೊಳ್ಳುತ್ತಿತ್ತು. ಕಂಬ ನೆಟ್ಟು, ತಗಡು ಹೊದಿಸಿ, ರಂಗಮಂದಿರವನ್ನು ನಿಲ್ಲಿಸಿದ ಮೇಲೆ ನೆಲ, ಬೆಂಚು, ಕುರ್ಚಿ ಎಂದು ಆಸನಗಳ ದರ್ಜೆ ನಿಗದಿಯಾಗುತ್ತಿತ್ತು. ಹಗಲಿನಲ್ಲಿ ಜಟಕಾದ ಮೇಲೆ ವಾದ್ಯ ಬಾರಿಸುತ್ತ, ಕರಪತ್ರ ಹಂಚುತ್ತ ಅಂದಿನ ನಾಟಕವನ್ನು ಸಾರಲಾಗುತ್ತಿತ್ತು. ನಾಟಕದ ಮಧ್ಯದಲ್ಲಿ ಮಳೆ ಬಂದರೆ ತಗಡಿನ ಸದ್ದಿನಲ್ಲಿ ಮಾತು ಮುಳುಗಿಹೋಗುತ್ತಿತ್ತು; ಮಳೆ ದಿನಗಟ್ಟಲೆ ಹಿಡಿದರೆ ಉತ್ಪನ್ನವೇ ನಿಲ್ಲುತ್ತಿತ್ತು. ಆದರೆ ಅಡುಗೆಮನೆಯ ಖರ್ಚು ನಿಲ್ಲುತ್ತಿರಲಿಲ್ಲ.

ಕಲಾವಿದರ ದಿನ ತಡವಾಗಿ ಆರಂಭವಾಗುತ್ತಿತ್ತು. ರಾತ್ರಿ ಬಹಳ ಹೊತ್ತಿನವರೆಗೆ ನಡೆದ ಆಟ ಮುಗಿಸಿ, ಮುಖಕ್ಕೆ ಹಚ್ಚಿದ ಬಣ್ಣವನ್ನು ಎಣ್ಣೆ ಹಾಕಿ ಒರೆಸಿ ಮಲಗಿದವರು ಹೊತ್ತೇರಿದ ಮೇಲೆ ಏಳುವುದು ವಾಡಿಕೆ. ಸಾಮೂಹಿಕ ಊಟದ ನಂತರ ತಾಲೀಮು. ಹೊಸದಾಗಿ ಸೇರಿದ ಹುಡುಗರಿಗೆ ಹಾಡು, ಮಾತು, ನಿಲುವುಗಳನ್ನು ಹಿರಿಯರೇ ಕಲಿಸುತ್ತಿದ್ದರು. ಸಂಜೆಯಾಗುತ್ತಲೇ ಬಣ್ಣದ ಮನೆ ಎಚ್ಚರಗೊಳ್ಳುತ್ತಿತ್ತು. ಪರದೆ ಎಳೆಯುವವರು, ದೀಪದವರು, ಉಡುಪಿನ ಪೆಟ್ಟಿಗೆ ಕಾಯುವವರು, ಪಕ್ಕದಲ್ಲಿ ನಿಂತು ಮಾತು ಒದಗಿಸುವವರು ಇವರೆಲ್ಲರ ದುಡಿಮೆಯ ಮೇಲೆ ನಾಯಕನಟನ ಪ್ರವೇಶ ನಿಂತಿತ್ತು. 1934ರಲ್ಲಿ ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನು ರಂಗಕ್ಕೆ ತಂದುದು ಮಾಲೀಕರಾದ ಗುಬ್ಬಿ ವೀರಣ್ಣನವರ ಸಾಹಸವೆಂದು ಪ್ರಸಿದ್ಧವಾಗಿದೆ. ಅಂಥ ವೈಭವವು ತೆರೆಮರೆಯ ಈ ಶ್ರಮವಿಲ್ಲದೆ ಒಂದು ರಾತ್ರಿಯೂ ಸಾಗುವಂತಿರಲಿಲ್ಲ.

ಸಂಗೀತ ಕಂಪನಿಯ ಉಸಿರಾಗಿತ್ತು. ಕಾಲು ಹಾರ್ಮೋನಿಯಂ ನುಡಿಸುವ ಮಾಸ್ತರರು, ತಬಲಾ ವಾದಕರು ನಾಂದಿಯಿಂದ ಮಂಗಳದವರೆಗೆ ರಂಗದ ಮುಂದೆ ಕುಳಿತಿರಬೇಕಿತ್ತು. ಪ್ರೇಕ್ಷಕರು 'ಒನ್ಸ್ ಮೋರ್' ಎಂದರೆ ಕಥೆ ಅಲ್ಲಿಯೇ ನಿಂತು ಹಾಡು ಮರಳಿ ಮೊದಲಾಗುತ್ತಿತ್ತು. ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿಯಲ್ಲಿ ಬಾಲನಟರಾಗಿದ್ದ ಮಲ್ಲಿಕಾರ್ಜುನ ಮನಸೂರರು ಮುಂದೆ ಹಿಂದೂಸ್ತಾನಿ ಸಂಗೀತದ ಶ್ರೇಷ್ಠ ಗಾಯಕರಾದರು. ರಂಗದ ಮೇಲೆ ಹಾಡುವುದು ಎಳೆಯ ಕಂಠಗಳಿಗೆ ಶಾಲೆಯೂ ಆಗಿತ್ತು, ಕಠಿಣ ಪರೀಕ್ಷೆಯೂ ಆಗಿತ್ತು.

ಆರ್ಥಿಕ ಸಂಬಂಧಗಳಲ್ಲಿ ಈ ಬದುಕಿನ ವೈರುಧ್ಯ ಸ್ಪಷ್ಟವಾಗಿ ಕಾಣುತ್ತದೆ. ಕಲಾವಿದರಿಗೆ ಊಟ, ವಸತಿಗಳೊಂದಿಗೆ ಸಂಬಳವಿರುತ್ತಿತ್ತು. ಮದುವೆ, ಕಾಯಿಲೆಗಳಿಗೆಂದು ಮುಂಗಡ ಪಡೆಯುವ ರೂಢಿಯೂ ಇತ್ತು. ಪಡೆದ ಮುಂಗಡವು ಕಷ್ಟಕಾಲದ ಆಸರೆ. ತೀರುವವರೆಗೆ ಕಂಪನಿ ಬಿಡಲಾಗದಂತೆ ಮಾಡುವ ಕಟ್ಟೂ ಅದೇ. ಮಾಲೀಕನೂ ಈ ಕಟ್ಟಿನಿಂದ ಹೊರತಲ್ಲ. ಹಿಂದಿನ ಊರಿನ ಸಾಲ ತೀರದೆ ಸಾಮಾನು ಮೇಲೇಳದು, ಮುಂದಿನ ಊರಿಗೆ ಹೋಗದೆ ಸಾಲ ತೀರದು. ಒಂದು ಮುಕ್ಕಾಮಿನ ಸೋಲು ಇಡೀ ಕಂಪನಿಯನ್ನು ಚದುರಿಸಬಲ್ಲದಾಗಿತ್ತು.

ಸ್ತ್ರೀಪಾತ್ರಗಳನ್ನು ಪುರುಷರೇ ನಿರ್ವಹಿಸುತ್ತಿದ್ದ ಕಾಲ ಸರಿದು ನಟಿಯರು ಕಂಪನಿಗಳಿಗೆ ಬಂದ ಮೇಲೆ ಮುಕ್ಕಾಮಿನ ಸ್ವರೂಪವೇ ಬದಲಾಯಿತು. ಗುಬ್ಬಿ ಕಂಪನಿಯ ಬಿ. ಜಯಮ್ಮ, ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರಂಥವರು ಅಪಾರ ಜನಪ್ರಿಯತೆ ಗಳಿಸಿದರು. ಆದರೆ ರಾತ್ರಿ ಚಪ್ಪಾಳೆ ತಟ್ಟಿದ ಊರು ಹಗಲು ನಟಿಗೆ ಮನೆ ಬಾಡಿಗೆ ಕೊಡಲು ಹಿಂಜರಿಯುವುದು ಸಾಮಾನ್ಯವಾಗಿತ್ತು. ಮಕ್ಕಳ ಓದು ಮುಕ್ಕಾಮು ಬದಲಾದಾಗಲೆಲ್ಲ ಕಡಿದುಹೋಗುತ್ತಿತ್ತು. ಅದೇ ಮಕ್ಕಳಿಗೆ ರಂಗವೇ ವಿದ್ಯಾಲಯವಾಯಿತು. ತಂದೆ ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಬಾಲ್ಯದಲ್ಲಿಯೇ ಕಂಪನಿಯ ಬದುಕಿಗೆ ಬಂದ ರಾಜ್‌ಕುಮಾರ್ 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಡಿಗೆ ಪರಿಚಿತರಾದರು. ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರೇ ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು.

1934ರಲ್ಲಿ ತೆರೆಕಂಡ 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಬಂದವರು. ಕಂಪನಿ ಬೆಳೆಸಿದ ಪ್ರತಿಭೆಯೇ ಕಂಪನಿಗೆ ಪ್ರತಿಸ್ಪರ್ಧಿಯಾಯಿತು. ಒಂದು ಡಬ್ಬಿಯಲ್ಲಿ ಸಾಗುವ ಚಿತ್ರದೊಡನೆ, ಹತ್ತಾರು ಸಂಸಾರಗಳನ್ನು ಹೊತ್ತು ಸಾಗುವ ಕಂಪನಿ ವೆಚ್ಚದಲ್ಲಿ ಸರಿಸಾಟಿಯಾಗಲು ಸಾಧ್ಯವಿರಲಿಲ್ಲ. ಆದರೂ ಉತ್ತರ ಕರ್ನಾಟಕದಲ್ಲಿ ಏಣಗಿ ಬಾಳಪ್ಪ, ಪಿ.ಬಿ. ಧುತ್ತರಗಿ ಮೊದಲಾದವರು ಈ ಪರಂಪರೆಯನ್ನು ದೀರ್ಘಕಾಲ ಮುಂದುವರಿಸಿದರು. ಬಾದಾಮಿ ಸಮೀಪದ ಬನಶಂಕರಿ ಜಾತ್ರೆ ಕಂಪನಿಗಳಿಗೆ ವರ್ಷದ ಪ್ರಮುಖ ಮುಕ್ಕಾಮಾಗಿ ಉಳಿದುಬಂದಿದೆ.

ಹೀಗೆ ಸಂಚಾರಿ ಕಂಪನಿಯು ಅರಮನೆಯ ಹಂಗಿಲ್ಲದ ಕಲೆಯೊಂದನ್ನು ನಾಡಿನ ಮೂಲೆಮೂಲೆಗೆ ತಲುಪಿಸಿತು. ಆ ಸ್ವಾತಂತ್ರ್ಯದ ಬೆಲೆಯನ್ನು ಮಾಲೀಕರು ಸಾಲದ ರೂಪದಲ್ಲಿಯೂ, ಕಲಾವಿದರು ನೆಲೆಯಿಲ್ಲದ ಬದುಕಿನ ರೂಪದಲ್ಲಿಯೂ ತೆತ್ತರು. ಮಾಲೀಕನ ಹೆಸರಿನ ಪಕ್ಕದಲ್ಲಿ ಪರದೆ ಎಳೆದವನ, ಪೆಟ್ಟಿಗೆ ಹೊತ್ತವನ, ಮಗುವನ್ನು ಬಣ್ಣದ ಮನೆಯಲ್ಲಿ ಮಲಗಿಸಿ ರಂಗಕ್ಕೆ ಹೋದ ತಾಯಿಯ ದುಡಿಮೆಗೂ ಸ್ಥಾನ ದೊರೆತಾಗಲೇ ವೃತ್ತಿರಂಗಭೂಮಿಯ ಚರಿತ್ರೆ ಪೂರ್ಣವಾಗುತ್ತದೆ.