ವೈಕಂ ಸತ್ಯಾಗ್ರಹ ಮತ್ತು ಅಹಿಂಸೆಯ ಮಾರ್ಗ

ಅಹಿಂಸೆಯನ್ನು ದುರ್ಬಲರ ಆಶ್ರಯವೆಂದು ಹಳಿಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅದನ್ನು ಉದಾತ್ತ ಧರ್ಮವೆಂದು ಒಪ್ಪಿಯೂ, ಅದರಿಂದ ಲೋಕದಲ್ಲಿ ಕಾರ್ಯಸಿದ್ಧಿಯಾಗದೆಂದು ಭಾವಿಸುವವರು ಇನ್ನೂ ಹೆಚ್ಚು. ಈ ಸಂದೇಹಕ್ಕೆ ಉತ್ತರವನ್ನು ನಾವು ದೂರ ಅರಸಬೇಕಾಗಿಲ್ಲ. 1956ರಿಂದ ನಮ್ಮ ಕಾಸರಗೋಡು ಸೇರಿರುವ ಕೇರಳದಲ್ಲಿಯೇ, ಹಿಂದಿನ ತಿರುವಿತಾಂಕೂರು ಸಂಸ್ಥಾನದ ವೈಕಂನಲ್ಲಿ, ಅದು ದೊರೆಯುತ್ತದೆ.

ವೈಕಂನ ಮಹಾದೇವ ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ಈಳವ, ಪುಲಯ ಮೊದಲಾದ ಜಾತಿಗಳವರು ನಡೆಯಕೂಡದೆಂಬ ನಿರ್ಬಂಧವಿತ್ತು. ದೇವರ ದರ್ಶನದ ಮಾತಿರಲಿ, ದಾರಿಯಲ್ಲಿ ಹೆಜ್ಜೆಯಿಡುವುದೂ ಅಪರಾಧವಾಗಿತ್ತು. ಟಿ. ಕೆ. ಮಾಧವನ್ ಅವರು 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಮುಂದೆ ಅಸ್ಪೃಶ್ಯತೆಯ ಪ್ರಶ್ನೆಯನ್ನಿಟ್ಟರು. 1924ನೆಯ ಮಾರ್ಚ್ 30ರಂದು ಪುಲಯರ ಕುಂಞಪ್ಪಿ, ಈಳವರ ಬಾಹುಲೇಯನ್, ನಾಯರ್ ಜಾತಿಯ ಗೋವಿಂದ ಪಣಿಕ್ಕರ್ ಈ ಮೂವರು ಜೊತೆಗೂಡಿ ನಿಷೇಧದ ಹಲಗೆಯ ಕಡೆಗೆ ನಡೆದರು. ಪಣಿಕ್ಕರರಿಗೆ ಮುಂದೆ ಹೋಗಲು ಅಡ್ಡಿಯಿರಲಿಲ್ಲ. ಒಡನಾಡಿಗಳನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಮೂವರೂ ಸೆರೆಯಾದರು.

ಅನಂತರ ನಾಯಕರೂ ಬಂಧಿತರಾದರು. ಆಗ ಈರೋಡಿನಿಂದ ಬಂದು ಹೋರಾಟವನ್ನು ಮುಂದುವರಿಸಿ ಸೆರೆಮನೆ ಸೇರಿದ ಪೆರಿಯಾರ್ ರಾಮಸ್ವಾಮಿಯವರು ಕನ್ನಡ ಮನೆಮಾತಿನ ಕುಟುಂಬದವರೆಂಬುದು ಇಲ್ಲಿ ಸ್ಮರಣೀಯ.

ಕೆಲವೇ ದಿನಗಳಲ್ಲಿ ಸರ್ಕಾರವು ಬಂಧನವನ್ನು ನಿಲ್ಲಿಸಿ ರಸ್ತೆಗೆ ಬೇಲಿ ಕಟ್ಟಿತು. ಬೇಲಿಯನ್ನು ಮುರಿಯಲೂ ಬಾರದು, ಹಾರಲೂ ಬಾರದು, ಎದುರಾಳಿಯನ್ನು ಮಣಿಸಲೆಂದು ಉಪವಾಸವನ್ನೂ ಮಾಡಬಾರದೆಂದು ಗಾಂಧೀಜಿ ವಿಧಿಸಿದರು. ಸತ್ಯಾಗ್ರಹಿಗಳು ಚರಕ ಹಿಡಿದು ಬೇಲಿಯ ಮುಂದೆ ಕುಳಿತರು. 1924ರ ಮಳೆಗಾಲದ ಮಹಾಪೂರದಲ್ಲಿ ಪೊಲೀಸರು ದೋಣಿಯೇರಿ ಕಾವಲು ನಿಂತರೆ, ಇವರು ಮೈಮುಳುಗುವ ನೀರಿನಲ್ಲಿ ನಿಂತರು. ವಿರೋಧಿಗಳು ರಾಮನ್ ಇಳಯತ್ ಅವರ ಕಣ್ಣಿಗೆ ಸುಣ್ಣವನ್ನು ಹಾಕಿದರು. ಆದರೂ ಶಿಬಿರದಿಂದ ಪ್ರತಿಹಿಂಸೆಯ ಕೈ ಏಳಲಿಲ್ಲ.

ಈ ಸಹನೆಯು ಫಲ ಕೊಟ್ಟ ಬಗೆಯೇ ಗಮನಾರ್ಹ. ಅದು ಮೊದಲು ಗೆದ್ದುದು ಸರ್ಕಾರವನ್ನಲ್ಲ, ನೆರೆಯವರನ್ನು. ಆ ವರ್ಷದ ನವೆಂಬರಿನಲ್ಲಿ ಮನ್ನತ್ ಪದ್ಮನಾಭನ್ ಅವರ ನೇತೃತ್ವದಲ್ಲಿ ಸವರ್ಣೀಯರೇ ತಿರುವನಂತಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗಿ, ರಸ್ತೆಗಳನ್ನು ಎಲ್ಲರಿಗೂ ತೆರೆಯಬೇಕೆಂದು 25,000ಕ್ಕೂ ಹೆಚ್ಚು ಸವರ್ಣೀಯರು ಸಹಿ ಮಾಡಿದ ಮನವಿಯನ್ನು ರಾಣಿಯವರಿಗೆ ಒಪ್ಪಿಸಿದರು. 1925ರ ಫೆಬ್ರವರಿಯಲ್ಲಿ ಶಾಸನಸಭೆಯ ನಿರ್ಣಯವು 21ಕ್ಕೆ 22 ಮತಗಳಿಂದ, ಒಂದೇ ಮತದ ಅಂತರದಲ್ಲಿ, ಬಿದ್ದುಹೋಯಿತು. ಮಾರ್ಚಿನಲ್ಲಿ ಗಾಂಧೀಜಿ ತಾವೇ ವೈಕಂಗೆ ಬಂದು, ನಿರ್ಬಂಧವನ್ನು ಬಿಡಲೊಲ್ಲದ ನಂಬೂದಿರಿಗಳೊಡನೆ ಅವರ ಮನೆಗೇ ಹೋಗಿ ವಾದಿಸಿದರು; ಪೊಲೀಸ್ ಕಮಿಷನರ್ ಪಿಟ್ ಅವರೊಡನೆ ಒಪ್ಪಂದಕ್ಕೆ ಬಂದರು. ಸುಮಾರು ಇಪ್ಪತ್ತು ತಿಂಗಳ ಬಳಿಕ, ನವೆಂಬರ್ 23ರಂದು, ಸತ್ಯಾಗ್ರಹ ಮುಗಿಯಿತು. ಮೂರು ದಿಕ್ಕಿನ ರಸ್ತೆಗಳು ಎಲ್ಲರಿಗೂ ತೆರೆದವು.

ಪೂರ್ವದ ದಾರಿಯ ನಿರ್ಬಂಧ ಉಳಿಯಿತು. ಗರ್ಭಗುಡಿಯ ಮಾತಂತೂ ದೂರವೇ. ಈ ಕೊರತೆಯನ್ನು ಮರೆಮಾಚುವುದು ಇತಿಹಾಸಕ್ಕೆ ಸಲ್ಲದು. ಆದರೆ ಗೆದ್ದ ದಾರಿ ಮತ್ತೆ ಮುಚ್ಚಲಿಲ್ಲ. 1936ನೆಯ ನವೆಂಬರ್ 12ರಂದು ಮಹಾರಾಜರ ಘೋಷಣೆಯಿಂದ ಸಂಸ್ಥಾನದ ದೇವಾಲಯಗಳ ಬಾಗಿಲುಗಳೇ ತೆರೆದವು.

ಎರಡು ಭಾಷೆಗಳ ನಡುವೆ ಬಾಳುವ ನಮಗೆ ಈ ಚರಿತ್ರೆಯಲ್ಲಿ ಹಿತವಚನವಿದೆ. ನಮ್ಮ ಮಕ್ಕಳಿಗೆ ಕನ್ನಡದ ಶಾಲೆಯನ್ನೂ ಕಚೇರಿಗಳಲ್ಲಿ ಕನ್ನಡದ ಸ್ಥಾನವನ್ನೂ ಕೇಳುವಾಗ ನಾವು ಧ್ವನಿ ತಗ್ಗಿಸಬೇಕಾಗಿಲ್ಲ. ಹಾಗೆಯೇ ನೆರೆಯವನನ್ನು ಹಗೆಯೆಂದೂ ಎಣಿಸಬೇಕಾಗಿಲ್ಲ. ಹಕ್ಕನ್ನು ಬಿಡದೆ, ನೆರೆಯನ್ನು ಕೆಡಿಸದೆ, ನಿಂತ ನೆಲದಿಂದ ಕದಲದೆ ನಿಲ್ಲುವುದೇ ಅಹಿಂಸೆ. ವೈಕಂನ ಬೇಲಿ ಸರಿದುದು ಅಂತಹ ನಿಲುವಿನಿಂದ.